ಉಪ್ಪು ಬಿಟ್ಟ ಅವ್ವ, ಉಪ್ಪುನೀರಿಗಿಳಿದ ನಾನು

ನಮ್ಮ ಕಡೆಯವರು ಸಮುದ್ರದ ಹತ್ತಿರ ಹೋದರೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಹಿಂದೆಯೂ ಆಗುತ್ತಿತ್ತು, ಈಗಲೂ ಆಗುತ್ತಲೇ ಇದೆ. ಮೊನ್ನೆ ಚಳ್ಳಕೆರೆಯ ನಮ್ಮ ಕಂಬಳಿ ಅಂಗಡಿಗೆ ತಳಕಿನ ಗಿರಾಕಿಯೊಬ್ಬರು ಬಂದಿದ್ದರು. ಗೋಕರ್ಣಕ್ಕೆ ಹೋದವರು ಮನೆಯವರಿಗೆ ತೋರಿಸೋಣ ಅಂತ ಒಂದು ಬಾಟಲಿ ಸಮುದ್ರದ ನೀರು ತುಂಬಿಕೊಂಡು ಬಂದು ಫ್ರಿಜ್ಜಿನಲ್ಲಿಟ್ಟಿದ್ದರಂತೆ. ಬಿಸಿಲಲ್ಲಿ ಬಂದ ಬೀಗರು ಯಾರನ್ನೂ ಕೇಳದೆ ಬಾಟಲಿ ಎತ್ತಿ ಗಟಗಟ ಕುಡಿದಿದ್ದಾರೆ. ಬೀಗರು ಇನ್ನೂ ಮಾತು ಬಿಟ್ಟೇ ಇದ್ದಾರಂತೆ.

ಅವರು ಕಂಬಳಿ ಕಟ್ಟಿಸಿಕೊಂಡು ಹೋದರು. ನನಗೆ ಮಾತ್ರ ಆಮೇಲೆ ವ್ಯಾಪಾರದಲ್ಲಿ ಮನಸ್ಸು ನಿಲ್ಲಲಿಲ್ಲ. ಮದುವೆಗೆ ಮುಂಚೆ ಕೆಲವು ತಿಂಗಳು ನಾನು ಕುಮಟಾದಿಂದ ಆಚೆ ಒಂದು ಪುಟ್ಟ ಕೊಲ್ಲಿಯಲ್ಲಿ ಕೆಲಸಕ್ಕಿದ್ದೆ. ಎರಡೂ ಕಡೆ ಕಪ್ಪು ಬಂಡೆ, ನಡುವೆ ರಾಗಿ ಒಕ್ಕುವ ಕಣದಷ್ಟು ಅಗಲದ ಮರಳು, ಅದರಾಚೆ ತಿಳಿನೀರು. ಸಮುದ್ರದ ತಳ ನೋಡುವ ಆಸೆಯಿದ್ದವರು ಅಲ್ಲಿಗೆ ಬರುತ್ತಿದ್ದರು. ಕೆಲವರು ದಡದಿಂದಲೇ ನಡೆದು ನೀರಿಗಿಳಿಯುವರು. ಇನ್ನು ಕೆಲವರು ಕಯಾಕ್ ಎನ್ನುವ ಸಣ್ಣ ಹುಟ್ಟುದೋಣಿಯಲ್ಲಿ ದೂರದ ಬಂಡೆಯವರೆಗೆ ಹೋಗಿ ಅಲ್ಲಿ ಮುಳುಗುವರು. ಗಾಳಿ ತುಂಬಿದ ಸಿಲಿಂಡರುಗಳನ್ನು ಬಂಡೆಯ ಮೇಲೆ ಜಾರದಂತೆ ಇಳಿಸುವುದು, ಕಯಾಕ್ ಎಳೆಯುವುದು, ಮುಳುಗಿದವರು ಎದ್ದರೋ ಇಲ್ಲವೋ ನೋಡುವುದು, ನಡುಗುತ್ತಾ ಬಂದವರಿಗೆ ಕಂಬಳಿ ಹೊದಿಸುವುದು ನನ್ನ ಕೆಲಸ. ಆ ದಿನಗಳಷ್ಟು ಸುಖವಾಗಿ ನಾನು ಮತ್ತೆಂದೂ ಇರಲಿಲ್ಲ. ಇದನ್ನು ಮನೆಯಲ್ಲಿ ಹೇಳುವ ಹಾಗಿಲ್ಲ, ಅಂಗಡಿಯಲ್ಲಿ ಕೂತು ಹೇಳುತ್ತಿದ್ದೇನೆ.

ಬಾವಿ ಕೊಟ್ಟ ನೌಕರಿ

ಕೊಂಡ್ಲಹಳ್ಳಿ ಕಡೆಯ ಕುರಿ ಸಾಕುವ ಮನೆಯವನಿಗೆ ಸಮುದ್ರದಲ್ಲಿ ನೌಕರಿ ಸಿಕ್ಕಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಸಿಕ್ಕಿದ್ದು ಬಾವಿಯಲ್ಲಿ.

ಆ ಕೊಲ್ಲಿಯಲ್ಲಿ ಜನರನ್ನು ನೀರಿಗಿಳಿಸುವ ಅಂಗಡಿಯ ಮಾಲೀಕರು ಕಂಬಳಿ ಕೊಳ್ಳಲು ಚಳ್ಳಕೆರೆಗೆ ಬಂದಿದ್ದರು. ನೀರಿನಿಂದ ಎದ್ದು ಬಂದವರಿಗೆ ಟವೆಲ್ಲು ಸಾಲುವುದಿಲ್ಲ, ಕಂಬಳಿಯಾದರೆ ಒದ್ದೆಯಾದರೂ ಬೆಚ್ಚಗಿರುತ್ತದೆ ಎಂದು ಯಾರೋ ಹೇಳಿದ್ದರಂತೆ. ನಾನು ಆಗಲೂ ಇದೇ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಉಣ್ಣೆ ಕೊಡುವ ಕುರಿಗಳನ್ನೂ ನೋಡಬೇಕು ಎಂದರು. ನಮ್ಮೂರಿಗೆ ಕರೆದುಕೊಂಡು ಹೋದೆ. ಆ ವರ್ಷ ಮಳೆ ಚೆನ್ನಾಗಿ ಆಗಿ ನಮ್ಮ ತೋಟದ ಬಾವಿ ತುಂಬಿತ್ತು. ಬಾವಿ ಕಂಡರೆ ಬಗ್ಗಿ ನೋಡುವ ಚಟ ಯಾರಿಗಿಲ್ಲ? ಬಗ್ಗಿದರು. ಜೇಬಿನಲ್ಲಿದ್ದ ಕಾರಿನ ಕೀ ಬಾವಿಗೆ ಬಿತ್ತು.

ನಾನು ಅಂಗಿ ಬಿಚ್ಚಿ ಧುಮುಕಿದೆ. ಮೊದಲ ಸಲ ಕೈಗೆ ಸಿಕ್ಕಿದ್ದು ಹಿತ್ತಾಳೆ ಬಿಂದಿಗೆ. ಎರಡನೇ ಸಲ ತುಕ್ಕು ಹಿಡಿದ ರಾಟೆ. ಅಷ್ಟರಲ್ಲಿ ಸುದ್ದಿ ಹಬ್ಬಿ ಬಾವಿಯ ಸುತ್ತ ಹೆಂಗಸರು ಸೇರಿದ್ದರು. ಬಿಂದಿಗೆ ನನ್ನ ತವರಿನದು ಎಂದು ಒಬ್ಬರು, ನಮ್ಮತ್ತೆ ಬೀಳಿಸಿದ್ದು ಎಂದು ಇನ್ನೊಬ್ಬರು. ಮೂರನೇ ಸಲ ಕೀ ಹಿಡಿದು ಮೇಲೆ ಬಂದಾಗ ನನ್ನ ಕಡೆ ನೋಡುವವರೇ ಇರಲಿಲ್ಲ, ಮಾಲೀಕರನ್ನು ಬಿಟ್ಟು.

“ಬೆನ್ನಿಗೆ ಸಿಲಿಂಡರ್ ಇಲ್ಲ, ಕಾಲಿಗೆ ರಬ್ಬರ್ ರೆಕ್ಕೆ ಇಲ್ಲ. ಇಷ್ಟು ಹೊತ್ತು ಹ್ಯಾಗಿದ್ದೆ ಮಾರಾಯ?” ಎಂದರು.

“ಕೀ ಸಿಕ್ಕಿರಲಿಲ್ವಲ್ಲ ಸಾರ್, ಬರೀ ಕೈಲಿ ಹ್ಯಾಗೆ ಬರ್ಲಿ?” ಎಂದೆ.

ಅಲ್ಲೇ ನಿಂತು ನನ್ನನ್ನು ಕೆಲಸಕ್ಕೆ ಕರೆದರು. ನಾನು ಅಲ್ಲೇ ನಿಂತು ಒಪ್ಪಿದೆ. ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ನೋಡುತ್ತಿದ್ದ ಅವ್ವ ಬಾವಿಗೇ ಬೈದಳು. “ಎಂಥಾ ಯಾಪಾರಸ್ತ ಬಾವಿನಪ್ಪ ಇದು. ಒಂದು ಕೀ ಕೊಟ್ಟು ನನ್ನ ಮಗನ್ನ ಇಸ್ಕಂಬಿಡ್ತು.”

ಮೂರು ಕೈ ಉಪ್ಪು

ಹೊರಡುವ ದಿನ ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ಮನೆದೇವರ ಮುಂದೆ ನಿಂತು, ನನಗೆ ಕೇಳುವ ಹಾಗೆ, ದೇವರಿಗೆ ಹೇಳಿದಳು. “ಇವನು ಆ ಉಪ್ಪುನೀರು ಬಿಟ್ಟು ಊರಿಗೆ ಬರಾ ತಂಕ ನಾನು ಉಪ್ಪು ಮುಟ್ಟಲ್ಲಪ್ಪ.”

ನಾನು ನಾಲ್ಕು ದಿನದ ಹಟ ಎಂದುಕೊಂಡೆ. ನಮ್ಮ ಮನೆಯಲ್ಲಿ ಹರಕೆ ಹೊತ್ತು ಏನಾದರೊಂದು ಬಿಡುವುದು ಹೊಸದಲ್ಲ. ಅಪ್ಪ ಬದುಕಿದ್ದಾಗ ಬೀಡಿ ಬಿಟ್ಟಿದ್ದರು, ಅತ್ತಿಗೆ ಬದನೆಕಾಯಿ ಬಿಟ್ಟಿದ್ದಳು. ಆದರೆ ಅವರ್ಯಾರೂ ಮನೆಯ ಅಡುಗೆ ಮಾಡುವವರಲ್ಲ. ಅವ್ವ ಸಾರು ಕುದಿಯುವಾಗ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿ ಉಪ್ಪು ನೋಡುವವಳು. ಈಗ ನೆಕ್ಕುವ ಹಾಗಿಲ್ಲ. ಹಾಗಾಗಿ ತನ್ನ ಪಾಲು ತೆಗೆದಿಟ್ಟುಕೊಂಡು, ಉಪ್ಪಿನ ಗಡಿಗೆ ಒಲೆಯ ಪಕ್ಕ ಸರಿಸಿ, “ಯಾರಾನ ಹಾಕ್ಕಳ್ರಿ” ಎಂದು ಹೇಳಿ ಹೊಲಕ್ಕೆ ಹೋಗಿಬಿಡುತ್ತಿದ್ದಳು.

ಅತ್ತಿಗೆ ಬಂದು ಒಂದು ಹಿಡಿ ಹಾಕುವಳು. ಅದು ಗೊತ್ತಿಲ್ಲದ ಅಣ್ಣ, ಪಾಪ ಯಾರೂ ಹಾಕಿಲ್ಲ ಎಂದು ಒಂದು ಹಿಡಿ. ಕಣ್ಣು ಮಂಜಾದ ಚಿಕ್ಕಪ್ಪ, ಇದರಲ್ಲಾದರೂ ಮನೆಗೆ ಉಪಯೋಗವಾಗೋಣ ಎಂದು ಇನ್ನೊಂದು ಹಿಡಿ. ಎಲ್ಲರೂ ಒಟ್ಟಿಗೆ ಕೂತು ಜಗಳವಾಡಿ, ನೀನು ಹಾಕು ನೀನು ಹಾಕು ಎಂದುಕೊಂಡ ದಿನ ಯಾರೂ ಹಾಕುತ್ತಿರಲಿಲ್ಲ.

ಅಣ್ಣ ಫೋನು ಮಾಡಿದ. ಮೊದಲು ಅವ್ವನ ಸುದ್ದಿ ಹೇಳಿದ. ಉಪ್ಪಿಲ್ಲದ ಮುದ್ದೆ ನುಂಗುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳಂತೆ, ಹಬ್ಬದ ದಿನವೂ ಬಿಡಲಿಲ್ಲವಂತೆ. ದಿನವೂ ನೀರಿಗಿಳಿದಾಗ ತುಟಿಗೆ ಉಪ್ಪು ತಾಕುತ್ತಿತ್ತು, ತಾಕಿದಾಗಲೆಲ್ಲ ಅವಳು ನೆನಪಾಗುತ್ತಿದ್ದಳು. ಆದರೂ ಕೆಲಸ ಬಿಡಲು ಮನಸ್ಸು ಬರುತ್ತಿರಲಿಲ್ಲ. ಅವಳು ಹರಕೆ ಬಿಡಬೇಕು, ಇಲ್ಲವೇ ನಾನು ಕಡಲು ಬಿಡಬೇಕು. ಇಬ್ಬರೂ ಒಂದೇ ಹೊಟ್ಟೆಯ ಹಟದವರು.

“ಹಂಗಾರೆ ನೀವೆಲ್ಲ ಊಟಕ್ಕೆ ಏನ್ಮಾಡ್ತೀರೋ ಅಣ್ಣ?” ಎಂದು ಕೇಳಿದೆ.

“ಲೇ, ಸಮುದ್ರಕ್ಕೆ ಹೋದೋನು ನೀನು. ಕುಡೀತಿರೋರು ನಾವು ಕಣಲೇ” ಎಂದ.

ಕೆಂಪು ಗುರುತು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಲೀಕರು ನನ್ನನ್ನು ಎತ್ತರದ ಬಂಡೆಯ ಮೇಲೆ ನಿಲ್ಲಿಸಿ, “ಇಳಿದವರನ್ನ ಎಣಿಸು, ಎದ್ದವರನ್ನ ಎಣಿಸು, ಎರಡೂ ಸರಿ ಇರ್ಬೇಕು” ಎಂದರು.

ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ತಾಗುತ್ತದೆ ಎಂದು ಅವ್ವ ಸಣ್ಣಂದಿನಿಂದ ಹೇಳಿಕೊಟ್ಟಿದ್ದಾಳೆ. ಸಂಜೆ ಹಟ್ಟಿಗೆ ಹೊಡೆಯುವಾಗ ಮುಖ ನೋಡಿದರೆ ಸಾಕು, ಯಾವುದು ಬಂದಿಲ್ಲ ಎಂದು ತಿಳಿಯುತ್ತದೆ. ಇಲ್ಲಿಯೂ ಮುಖ ನೋಡುತ್ತೇನೆ ಎಂದುಕೊಂಡೆ. ನೋಡಿದರೆ ಎಲ್ಲರಿಗೂ ಕಾಲಿಂದ ಕತ್ತಿನವರೆಗೆ ಕಪ್ಪು ರಬ್ಬರಿನ ಉಡುಪು, ಮುಖಕ್ಕೆ ಗಾಜು, ಬಾಯಿಗೆ ಕೊಳವೆ. ಕರೀ ಕುರಿ ಮಂದೆಯಲ್ಲಾದರೂ ಒಂದಕ್ಕೆ ಕಿವಿ ಹರಿದಿರುತ್ತದೆ, ಇನ್ನೊಂದಕ್ಕೆ ಹಣೆಯಲ್ಲಿ ಚುಕ್ಕಿ ಇರುತ್ತದೆ. ಇವರಿಗೆ ಏನೂ ಇಲ್ಲ.

ಅದೇ ಕೊಲ್ಲಿಗೆ ಇನ್ನೊಂದು ಅಂಗಡಿಯವರೂ ಗಿರಾಕಿಗಳನ್ನು ಇಳಿಸುತ್ತಿದ್ದರು. ನೀರೊಳಗೆ ಎರಡು ಮಂದೆ ಕಲೆತುಬಿಡುವುದು. ಒಂದು ದಿನ ನಮ್ಮ ಬಂಡೆ ಹತ್ತಿದ ಒಬ್ಬರಿಗೆ ಕಂಬಳಿ ಹೊದಿಸಿ, ಚಹಾ ಕುಡಿಸಿ, ಕಾಲು ಒರೆಸಿಕೊಟ್ಟ ಮೇಲೆ ಅವರು ಆ ಅಂಗಡಿಯವರು ಎಂದು ಗೊತ್ತಾಯಿತು. ನಮ್ಮವರು ಆಚೆ ದಡದಲ್ಲಿ ನಡುಗುತ್ತಾ ನಿಂತಿದ್ದರು.

ಮರುದಿನ ನಾನು ಊರಿನ ಕ್ರಮವನ್ನೇ ಹಿಡಿದೆ. ಅಂಗಡಿಯಲ್ಲಿದ್ದ ಕೆಂಪು ಬಣ್ಣದ ಡಬ್ಬಿ ತಂದು, ನೀರಿಗಿಳಿಯುವ ಮುಂಚೆ ಒಬ್ಬೊಬ್ಬರ ಬೆನ್ನಿಗೂ ಒಂದು ಪಟ್ಟೆ ಎಳೆದೆ. ಮಾಲೀಕರು ಉಡುಪು ಹಾಳಾಯಿತು ಎಂದು ತಲೆ ಚಚ್ಚಿಕೊಂಡರು. ಆದರೆ ಅಂದಿನಿಂದ ನಮ್ಮವರು ತಪ್ಪಲಿಲ್ಲ. ಪಟ್ಟೆ ಇಲ್ಲದವರು ನಮ್ಮ ಬಂಡೆಗೆ ಕೈ ಹಾಕಿದರೆ, “ನಿಮ್ಮ ಮಂದೆ ಆಚೆ ಐತೆ ಸಾರ್” ಎಂದು ತಿರುಗಿಸಿ ಕಳಿಸುತ್ತಿದ್ದೆ. ಒಂದು ವಾರದೊಳಗೆ ಆ ಅಂಗಡಿಯವರು ಹಸಿರು ಬಣ್ಣ ತಂದರು.

ಒಮ್ಮೆ ಯಾವುದೋ ಇಲಾಖೆಯ ದೊಡ್ಡ ಸಾಹೇಬರು ಬಂದರು. ಫೋಟೋದಲ್ಲಿ ತಮ್ಮ ಬೆನ್ನಿನ ಕೆಂಪು ಪಟ್ಟೆ ಕಂಡು, “ಇದು ಯಾತರ ಗುರುತಪ್ಪ?” ಎಂದು ಕೇಳಿದರು. ನಮ್ಮೂರಲ್ಲಿ ಆ ಪಟ್ಟೆ ಎಳೆಯುವುದು ಜಾತ್ರೆಯಲ್ಲಿ ದೇವರಿಗೆ ಕಡಿಯಲು ಬಿಟ್ಟ ಟಗರಿಗೆ. ಅದನ್ನು ಹೇಗೆ ಹೇಳುವುದು? “ಬಾಳ ಮುಖ್ಯವಾದವರಿಗೆ ಹಾಕ್ತೀವಿ ಸಾರ್” ಎಂದೆ.

ಸಾಹೇಬರು ಖುಷಿಯಾಗಿ ಮತ್ತೆ ಬೆನ್ನು ತಿರುಗಿಸಿದರು. “ಹಂಗಾದ್ರೆ ಇನ್ನೂ ಸ್ವಲ್ಪ ದೊಡ್ಡದಾಗಿ ಎಳಿ.”

ಅಂಗಳದ ಅಜ್ಜಿ

ಆ ಕೊಲ್ಲಿಗೆ ಇಳಿಯಲು ಇದ್ದದ್ದು ಒಂದೇ ದಾರಿ. ಅದು ಒಬ್ಬ ಅಜ್ಜಿಯ ಅಂಗಳದ ಮೂಲಕ ಹೋಗುತ್ತಿತ್ತು. ಅಜ್ಜಿ ಅಂಗಳದಲ್ಲಿ ಉಪ್ಪು ಹಚ್ಚಿದ ಮೀನು ಒಣಗಿಸುವಳು. ಅವಳು ಗೇಟು ತೆಗೆದರೆ ನಮ್ಮ ಅಂಗಡಿ ತೆಗೆದಂತೆ, ಅವಳು ಮುನಿಸಿಕೊಂಡರೆ ಅಂದು ರಜೆ. ಕಡಲಿನ ಭರತ ಇಳಿತ ಯಾವ ಹೊತ್ತಿಗೆ ಎಂದು ಮಾಲೀಕರು ಹಿಂದಿನ ದಿನವೇ ಹೇಳಬಲ್ಲರು. ಅಜ್ಜಿಯದು ಅವರಿಗೂ ತಿಳಿಯುತ್ತಿರಲಿಲ್ಲ.

ಒಂದು ದಿನ ಗಿರಾಕಿಯೊಬ್ಬರು ರಬ್ಬರಿನ ರೆಕ್ಕೆ ಕಾಲಿಗೆ ಹಾಕಿಕೊಂಡೇ ಬಾತುಕೋಳಿಯ ಹಾಗೆ ಅಂಗಳ ದಾಟಲು ಹೋಗಿ ಒಂದು ಸಾಲು ಮೀನು ತುಳಿದರು. ಗೇಟು ಮುಚ್ಚಿತು. ರಬ್ಬರಿನ ಉಡುಪು ತೊಟ್ಟ ಜನ ಬಿಸಿಲಲ್ಲಿ ಬೆವೆತು ನಿಂತರು. ಮಾಲೀಕರು ನನ್ನನ್ನು ರಾಜಿಗೆ ಕಳಿಸಿದರು. ನಾನು ಒಂದು ಹೊಸ ಕಂಬಳಿ ಹಿಡಿದುಕೊಂಡು ಹೋದೆ.

“ಎಂತದು ಇದು?” ಎಂದಳು ಅಜ್ಜಿ.

“ಚಳ್ಳಕೆರೆ ಕಂಬಳಿ ಅಜ್ಜಿ. ಬೆಚ್ಚಗಿರ್ತದೆ.”

“ಬೆವರಿ ಸಾಯ್ತಿದ್ದೆ, ಇನ್ನು ಬೆಚ್ಚಗೆ ಎಂತಕ್ಕೆ?” ಎಂದಳು. ಆದರೂ ಕೈಯಿಂದ ಕಿತ್ತುಕೊಂಡಳು. ಮರುದಿನ ನೋಡಿದರೆ ಕಂಬಳಿ ಮೀನಿನ ಮೇಲಿತ್ತು. ಕಡಲ ದಂಡೆಯ ಬೆಕ್ಕುಗಳು ಜನ್ಮದಲ್ಲಿ ಟಗರಿನ ವಾಸನೆ ಕಂಡಿರಲಿಲ್ಲ. ಅಂಗಳದ ಹತ್ತಿರ ಬಂದು, ಮೂಗು ಮೇಲೆತ್ತಿ, ಹಾಗೇ ಹಿಂದೆ ಸರಿಯುತ್ತಿದ್ದವು. ಅಜ್ಜಿಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು, ಗೇಟು ತೆರೆದೇ ಇರತೊಡಗಿತು. ನಾನು ದಾಟುವಾಗಲೆಲ್ಲ ಗಂಜಿ ಕುಡಿದು ಹೋಗು ಎನ್ನುತ್ತಿದ್ದಳು. ಆ ಗಂಜಿಯ ರುಚಿ ಈಗಲೂ ನಾಲಿಗೆಯ ಮೇಲಿದೆ.

ಒಂದು ಸಂಜೆ ನಮ್ಮ ಕಂಬಳಿಗಳೆಲ್ಲ ಖರ್ಚಾಗಿ ಒಬ್ಬ ಗಿರಾಕಿ ಹಾಗೇ ನಡುಗುತ್ತಾ ಅಂಗಳಕ್ಕೆ ಬಂದರು. ಬೆಳ್ಳುಳ್ಳಿಯನ್ನೂ ತಿನ್ನದ ಮನುಷ್ಯ. ಅಜ್ಜಿಗೆ ಕರುಣೆ ಉಕ್ಕಿ, ಮೀನಿನ ಮೇಲಿನ ಕಂಬಳಿ ಎಳೆದು ಅವರಿಗೆ ಸುತ್ತಿದಳು. ಚಳಿಯಲ್ಲಿ ಅವರಿಗೆ ಏನೂ ತಿಳಿಯಲಿಲ್ಲ. ತುಂಬ ಉಪಕಾರವಾಯಿತು ಎಂದು ಕೈ ಮುಗಿದು, ಹೊದ್ದುಕೊಂಡೇ ವಸತಿಗೃಹದ ಕಡೆ ನಡೆದರು. ಅಷ್ಟು ದಿನದಲ್ಲಿ ಬೆಕ್ಕುಗಳಿಗೆ ಟಗರಿನ ವಾಸನೆ ರೂಢಿಯಾಗಿತ್ತು. ಊರಿನ ಅಷ್ಟೂ ಬೆಕ್ಕು ಅವರ ಹಿಂದೆ ಸಾಲಾಗಿ ಹೋದವು.

ನೇಕಾರರ ಮೀನು

ಮೊಳಕಾಲ್ಮೂರಿನ ರೇಷ್ಮೆ ನೇಕಾರರೊಬ್ಬರು ನಮ್ಮ ಮನೆಗೆ ಬಳಕೆಯವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಧರ್ಮಸ್ಥಳಕ್ಕೆ ಹೋದವರು ನನ್ನನ್ನು ನೋಡಿಕೊಂಡು ಹೋಗಲು ಅಷ್ಟು ದೂರ ಸುತ್ತಿ ಬಂದರು. ಬಂದ ಮೇಲೆ ನೀರಿಗಿಳಿಯದೆ ಬಿಡುವುದೇ? ಉಡುಪು ತೊಡಿಸಲು ಹೋದರೆ ಅವರು ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, “ಇದರಲ್ಲಿ ಹಾಸು ಯಾವ್ದು, ಹೊಕ್ಕು ಯಾವ್ದಪ್ಪ? ಅಂಚೇ ಇಲ್ವಲ್ಲ” ಎಂದರು. ಅಂಚಿಲ್ಲದ ಬಟ್ಟೆ ಉಡುವುದು ಅಪಶಕುನ ಎಂದು ಸ್ವಲ್ಪ ಹೊತ್ತು ವಾದ ಮಾಡಿದರು.

ನೀರೊಳಗೆ ಹೋದ ಮೇಲೆ ಮನುಷ್ಯ ಬದಲಾಗಿಬಿಟ್ಟರು. ನೇರಳೆ ಮೈಗೆ ಹಳದಿ ಗೆರೆಯಿದ್ದ ಮೀನೊಂದು ಬಂಡೆಯ ಸಂದಿಯಿಂದ ಬಂತು. ಅವರು ಕೈ ಚಾಚಿ ಅದರ ರೆಕ್ಕೆಯನ್ನೂ ಎರಡು ಬೆರಳ ನಡುವೆ ಉಜ್ಜಿ ನೋಡಲು ಹೋದರು. ಮೀನು ಓಡಿತು, ಇವರು ಹಿಂದೆ ಬಿದ್ದರು. ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದರೂ ಮೇಲೆ ಬರಲು ಒಪ್ಪಲಿಲ್ಲ. ಇಬ್ಬರು ಸೇರಿ ಎಳೆದು ತಂದೆವು.

ಊರಿಗೆ ಹೋಗಿ ಮಗ್ಗದಲ್ಲಿ ಅದೇ ಬಣ್ಣಗಳನ್ನು ಕೂಡಿಸಿ ಸೀರೆ ನೇಯ್ದರಂತೆ. ಅದನ್ನು ಮಡಿ ಮೈಲಿಗೆ ಬಹಳ ನೋಡುವ ಮನೆಯವರು ಮಗಳ ಮದುವೆಗೆ ತೆಗೆದುಕೊಂಡರು. ಇದು ಯಾವ ಹೂವಿನ ಬಣ್ಣ ಎಂದು ಅವರು ಕೇಳಿದ್ದಕ್ಕೆ, ಸಮುದ್ರದ ಕಡೆ ಬಿಡುವ ಹೂವು ಎಂದು ಇವರು ಹೇಳಿದರು. ಧಾರೆಯಾದ ದಿನ ನನಗೆ ಫೋನು ಬಂತು. “ನಿನ್ನ ಮೀನಿಗೆ ಪೆಳ್ಳಿ ಆಯ್ತಪ್ಪ. ನಾನೇ ಹೋಗಿ ಅಕ್ಷತೆ ಹಾಕಿ ಬಂದೆ.”

ಅವರು ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ನಮ್ಮ ಮನೆಗೂ ಹೋಗಿ, ಅವ್ವನ ಮುಂದೆ ಕೂತು, ನೀರಿನೊಳಗೆ ಕಂಡದ್ದನ್ನೆಲ್ಲ ವರ್ಣಿಸಿದರು. ಅವ್ವ ಉಪ್ಪಿಲ್ಲದ ಮಜ್ಜಿಗೆ ಕುಡಿಯುತ್ತಾ ಎಲ್ಲವನ್ನೂ ಕೇಳಿದಳಂತೆ.

“ಅಲ್ಲಿ ಮೇವು ಐತಾ?” ಎಂದಳು.

“ಎಷ್ಟು ಬೇಕು ಅಷ್ಟು ಐತಮ್ಮ. ಹುಲ್ಲಿನಂಗೆ ಅಲ್ಲಾಡ್ತಿರ್ತೈತೆ.”

“ಮೇಯೋರು?”

“ಮೀನು. ಗುಂಪು ಗುಂಪಾಗಿ ಮೇಯ್ತಾವೆ.”

ಅವ್ವ ಮಜ್ಜಿಗೆ ಲೋಟ ಕೆಳಗಿಟ್ಟು, ಅಣ್ಣನ ಕಡೆ ತಿರುಗಿದಳು. “ಇವನು ನೌಕರಿ ನೌಕರಿ ಅಂತ ಕುಣೀತಾನೆ. ಅಲ್ಲೂ ಕಾಯಕ್ಕೇ ಇಟ್ಕಂಡವ್ರೆ.”

ಅವ್ವ ಬಂದಳು

ಮೇವಿನ ವಿಷಯ ಕೇಳಿದ ಮೇಲೆ ಅವ್ವನಿಗೆ ತಡೆಯಲಾಗಲಿಲ್ಲ. ಇಲ್ಲಿಯೇ ಕಾಯುವ ಕೆಲಸ ಇರುವಾಗ ಅಲ್ಲಿ ಹೋಗಿ ಕಾಯುವುದು ಯಾಕೆ, ಹೋಗಿ ಎಳೆದುಕೊಂಡು ಬರುತ್ತೇನೆ ಎಂದು ಟೆಂಪೋ ಮಾಡಿಸಿದಳು. ಅಣ್ಣ, ಅತ್ತಿಗೆ, ಚಿಕ್ಕಪ್ಪ, ದಾರಿಗೆ ಬುತ್ತಿ, ಎಲ್ಲ ತುಂಬಿಕೊಂಡು ಒಂದು ಬೆಳಿಗ್ಗೆ ಬಂದಿಳಿದರು. ಅವ್ವನ ಕೆನ್ನೆ ಒಳಗೆ ಹೋಗಿದ್ದವು. ನಾನು ಕಾಲಿಗೆ ಬಿದ್ದೆ. ಅವಳು ನನ್ನ ತಲೆ ಮುಟ್ಟಿ, ಕೂದಲಿನಲ್ಲಿದ್ದ ಉಪ್ಪಿನ ಪುಡಿ ಬೆರಳಿಗೆ ಅಂಟಿದ್ದನ್ನು ನೋಡಿ, ಸೆರಗಿಗೆ ಒರೆಸಿಕೊಂಡಳು.

ಅಂಗಳದ ಅಜ್ಜಿ ಎಲ್ಲರಿಗೂ ಗಂಜಿ ಬಡಿಸಿದಳು. ಅವ್ವ ಬೇಡ ಎಂದು ಹರಕೆಯ ವಿಷಯ ಹೇಳಿದಳು. ಹುಟ್ಟಿದಾಗಿನಿಂದ ಉಪ್ಪಿನಲ್ಲೇ ಕೈ ಅದ್ದಿಕೊಂಡು ಬದುಕಿದ ಅಜ್ಜಿ ಬಾಯಿ ಬಿಟ್ಟುಕೊಂಡು ಕೂತಳು.

“ಉಪ್ಪಿಲ್ದೆ ಎಂತಕ್ಕೆ ಬದುಕೂದು ಮಾರಾಯ್ತಿ?” ಎಂದಳು.

“ಮಗನಿಗೆ” ಎಂದಳು ಅವ್ವ.

ಅಜ್ಜಿ ಎದ್ದು ಒಳಗೆ ಹೋಗಿ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಗಂಜಿ ಕಾಯಿಸಿ ತಂದಳು. ಆ ಮನೆಯ ಒಲೆ ಅಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಇಬ್ಬರೂ ಜೊತೆಯಲ್ಲಿ ಕೂತು ಮಾತಿಗಿಳಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ನಗುವಿಗೆ ಅದರಿಂದ ಏನೂ ಅಡ್ಡಿಯಾಗಲಿಲ್ಲ.

ಊಟವಾದ ಮೇಲೆ ಅವ್ವ, “ನೀನು ಎಲ್ಲಿ ಮುಳುಗ್ತೀಯಾ, ತೋರ್ಸು” ಎಂದಳು. ಕೈ ಹಿಡಿದು ಬಂಡೆಯಿಂದ ಬಂಡೆಗೆ ದಾಟಿಸಿ ಕೊಲ್ಲಿಯ ತುದಿಗೆ ಕರೆದುಕೊಂಡು ಹೋದೆ. ತುದಿಯ ಬಂಡೆಯ ಮೇಲೆ ಅವಳು ಕಾಲು ಮಡಚಿ ಕೂತಳು. ಕೂತವಳು ಏಳಲಿಲ್ಲ.

“ಊರಿಗೆ ಬರ್ತೀನಿ ಅನ್ನು, ಏಳ್ತೀನಿ. ಇಲ್ದಿದ್ರೆ ಇಲ್ಲೇ ಕೂತಿರ್ತೀನಿ” ಎಂದಳು.

“ಅವ್ವಾ, ಭರತ ಬರ್ತೈತೆ. ನೀರು ಏರ್ತೈತೆ. ನಾವು ಬಂದ ದಾರಿ ಮುಳುಗಿ ಹೋಗ್ತೈತೆ.”

ಅವ್ವ ಆಕಾಶ ನೋಡಿದಳು. ಬಿಸಿಲು ಖಣಖಣ ಎನ್ನುತ್ತಿತ್ತು. “ಮೋಡ ಇಲ್ಲ, ಮಳೆ ಇಲ್ಲ, ನೀರು ಯಾಕೆ ಏರ್ತೈತೆ? ನಿಮ್ಮವ್ವಂಗೇ ಸುಳ್ಳು ಹೇಳ್ತೀಯಾ?” ಎಂದಳು. ಅವಳ ತಪ್ಪಲ್ಲ. ನಮ್ಮ ಕಡೆ ಮಳೆ ಬಂದರೆ ನೀರು ಏರುತ್ತದೆ, ಆಮೇಲೆ ಬರೀ ಇಳಿಯುತ್ತದೆ. ಬಿಸಿಲಲ್ಲಿ ತನ್ನಷ್ಟಕ್ಕೆ ಏರುವ ನೀರನ್ನು ಅವಳು ಎಲ್ಲಿ ಕಾಣಬೇಕು?

ನಾವು ವಾದ ಮಾಡುತ್ತಿರುವಾಗಲೇ ನೀರು ಏರಿತು. ಹಿಂದಿನ ಬಂಡೆಗಳು ಒಂದೊಂದೇ ಮರೆಯಾದವು. ದಡದಿಂದ ಅಣ್ಣ ಕೂಗಿದ, ಮಾಲೀಕರು ಕೂಗಿದರು. ಅವ್ವ ತಿರುಗಿ ನೋಡಿ, ಬಂದ ದಾರಿ ಇಲ್ಲದ್ದನ್ನು ಕಂಡು, “ಯಾರು ಬಿಟ್ಟಿದ್ದು ಇದನ್ನ?” ಎಂದಳು, ಯಾರೋ ತೂಬು ಎತ್ತಿದ್ದಾರೆ ಎನ್ನುವ ಹಾಗೆ.

ನಾನು ಈಜಿ ಹೋಗಿ ಕಯಾಕ್ ತಂದೆ. ಅವಳ ಬೆನ್ನಿಗೆ ಎದೆಗೆ ತೇಲುವ ಕವಚ ಕಟ್ಟಿ, ಎತ್ತಿ ಕೂರಿಸಬೇಕು ಎನ್ನುವಷ್ಟರಲ್ಲಿ ತಡೆದಳು. “ಇರು. ಬಾಯಿಗೆ ಈ ನೀರು ಹೋದ್ರೆ ಹರಕೆ ಕೆಡ್ತೈತೆ” ಎಂದು ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಜೀವಕ್ಕಿಂತ ಹರಕೆ ದೊಡ್ಡದು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ನನ್ನ ಎದುರಿಗೆ, ನನ್ನ ಕಡೆ ಮುಖ ಮಾಡಿ ಕೂತಳು. ನಾನು ಹುಟ್ಟು ಹಾಕತೊಡಗಿದೆ. ಅರ್ಧ ದಾರಿ ಚೆನ್ನಾಗಿಯೇ ಬಂದೆವು. ಸುತ್ತಲೂ ನೀರು ನೋಡುತ್ತಾ ಅವಳ ಕಣ್ಣು ಸಣ್ಣ ಹುಡುಗಿಯ ಕಣ್ಣಿನಂತೆ ದೊಡ್ಡವಾಗಿದ್ದವು.

ಇದ್ದಕ್ಕಿದ್ದಂತೆ ಅವಳು ನನ್ನ ಬೆನ್ನ ಹಿಂದೆ ಕೈ ತೋರಿಸಿ, “ಉಂ, ಉಂ” ಎಂದಳು.

“ಏನವ್ವಾ?”

“ಉಂ, ಉಂ, ಉಂ.”

“ತಿಳೀತಿಲ್ಲ, ಸರಿಯಾಗಿ ಹೇಳು” ಎಂದೆ.

ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ. ಸೆರಗು ಎಳೆದು, ಬಾಯಿ ತುಂಬ ತೆರೆದು, “ಲೇ, ಹಿಂದೆ ಅಲೆ ಬರ್ತೈತೆ ಕಣಲೇ” ಎಂದಳು. ಅಲೆ ಬಂದೇ ಬಂತು. ನನ್ನ ತಲೆಯ ಮೇಲಿಂದ ಹಾದು ನೇರವಾಗಿ ಅವಳ ಬಾಯಿಗೆ ಹೋಯಿತು.

ಕಯಾಕ್ ಮಗುಚಲಿಲ್ಲ. ನಾವಿಬ್ಬರೂ ತೊಪ್ಪೆಯಾಗಿ ಕೂತಿದ್ದೆವು. ನಾನು ಅವಳ ಮುಖವನ್ನೇ ನೋಡಿದೆ. ಅವಳು ಉಗುಳಲಿಲ್ಲ. ಬಾಯಿ ಮುಚ್ಚಿದಳು, ಕಣ್ಣು ಮುಚ್ಚಿದಳು. ಗುಟುಕು ಗಂಟಲಲ್ಲಿ ಇಳಿದದ್ದು ಕಂಡಿತು. ಆಮೇಲೆ ನಾಲಿಗೆಯಿಂದ ತುಟಿ ಸವರಿಕೊಂಡಳು, ಮೇಲಿನ ತುಟಿ ಒಮ್ಮೆ, ಕೆಳಗಿನ ತುಟಿ ಒಮ್ಮೆ. ಅಷ್ಟು ದಿನ ಕಾದಿದ್ದ ನಾಲಿಗೆ ಅದು. ಅವಳ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ.

ದಡ ಸೇರಿದ ಕೂಡಲೇ ಎಲ್ಲರೂ ಸುತ್ತುವರಿದರು. ಅವ್ವ ಅಜ್ಜಿಯ ಜಗುಲಿಯ ಮೇಲೆ ಕೂತು, ಕಂಬಳಿ ಹೊದ್ದು, ತೀರ್ಪು ಕೊಟ್ಟಳು.

“ಇವನು ಊರಿಗೆ ಬಂದ ಮೇಲೆ ಉಪ್ಪು ತಿಂತೀನಿ ಅಂತ ದೇವರಿಗೆ ಹೇಳಿದ್ದೆ. ಉಪ್ಪು ತಿಂದಾಯ್ತು, ದೇವರೇ ತಿನ್ನಿಸ್ದ. ಇವನೀಗ ಊರಿಗೆ ಬರ್ದಿದ್ರೆ ನನ್ನ ಮಾತು ಸುಳ್ಳಾಗ್ತೈತೆ. ಹತ್ತಲೇ ಟೆಂಪೋ.”

ಹರಕೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ. ಮಾಲೀಕರು ಏನೋ ಹ್ಯಾಗೋ ಎಂದು ಗೊಣಗಿದರು, ಅವ್ವನ ಮುಖ ನೋಡಿ ಸುಮ್ಮನಾದರು. ನಾನು ಬಟ್ಟೆ ಗಂಟು ಕಟ್ಟಿಕೊಂಡೆ. ಬಂಡೆಗಳನ್ನು, ಅಂಗಳವನ್ನು, ಮಗುಚಿ ಹಾಕಿದ್ದ ಕಯಾಕನ್ನು ಒಮ್ಮೆ ನೋಡಿದೆ. ತವರು ಬಿಟ್ಟು ಹೋಗುವ ಹೆಣ್ಣುಮಕ್ಕಳ ಸಂಕಟ ಆಗ ನನಗೆ ಅರ್ಥವಾಯಿತು. ಟೆಂಪೋ ಹತ್ತಿ ಅಣ್ಣನ ಪಕ್ಕ ಕೂತೆ. ಅತ್ತಿಗೆ ಹತ್ತಿದಳು, ಚಿಕ್ಕಪ್ಪನನ್ನು ಹತ್ತಿಸಿದೆವು. ಅವ್ವ ಜಗುಲಿಯಿಂದ ಏಳಲೇ ಇಲ್ಲ. ಅಜ್ಜಿ ಕೊಟ್ಟ ಸುಟ್ಟ ಒಣಮೀನು ಒಂದು ಕೈಯಲ್ಲಿ, ಗಂಜಿಯ ಬಟ್ಟಲು ಇನ್ನೊಂದು ಕೈಯಲ್ಲಿ.

“ಬಾರವ್ವಾ, ಹೊತ್ತಾಯ್ತು” ಎಂದೆ.

“ನಾನ್ಯಾಕೆ ಬರ್ಲಿ? ನೀನು ಬರ್ತೀಯಾ ಅಂತ ಹರಕೆ ಹೊತ್ತಿದ್ದೆ, ನಾನು ಬರ್ತೀನಿ ಅಂತ ಹೊತ್ತಿಲ್ಲ. ನಾಳೆ ಆ ದೋಣೀಲಿ ಇನ್ನೊಂದ್ಸಾರಿ ಕೂರಿಸ್ತೀನಿ ಅಂದವ್ರೆ ನಿಮ್ಮ ಮಾಲೀಕ್ರು. ನೀನು ಹೋಗಿ ಕುರಿ ನೋಡ್ಕ” ಎಂದಳು.

ಮಳೆಗಾಲ ಹತ್ತಿರ ಬಂದು ಕೊಲ್ಲಿ ಮುಚ್ಚುವವರೆಗೂ ಅವಳು ಊರ ಕಡೆ ತಲೆ ಹಾಕಲಿಲ್ಲ. ಅಷ್ಟು ದಿನ ಉಳಿಯುತ್ತಾಳೆ ಎಂದು ಅಂದು ನಾವು ಯಾರೂ ನಂಬಲಿಲ್ಲ. ಟೆಂಪೋ ಹೊರಟಿತು. ಇಂದಿನಿಂದ ಮನೆಯ ಊಟ ಸರಿಹೋಗುತ್ತದೆ ಎಂದು ಸಂತೋಷದಲ್ಲಿದ್ದ ಅಣ್ಣ ಗಾಬರಿಯಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಅವ್ವಾ, ನೀನು ಬರ್ದಿದ್ರೆ ಸಾರಿಗೆ ಉಪ್ಪು ನೋಡೋರು ಯಾರು?”

ಅವ್ವ ಮೀನಿನ ಮುಳ್ಳು ತೆಗೆಯುತ್ತಾ, ತಲೆಯೆತ್ತದೆ, ನನ್ನ ಕಡೆ ಕೈ ತೋರಿಸಿದಳು.

“ಅವನು ನೋಡ್ತಾನೆ ಬಿಡು. ಇಷ್ಟು ದಿನ ಅದರಾಗೇ ಮುಳುಗಿದ್ನಲ್ಲ.”